ಸಂದೂಕದೊಳಗಿನ ಎರೆ ಸೀಮೆ



ಗುಡಗೇರಿಯ ಈ ದತ್ತಿ ಉಪನ್ಯಾಸದ ವಿಷಯವನ್ನು ನೀವು ನನಗೇ ಬಿಟ್ಟಿದ್ದೀರಿ. ಶರಣರ ಬಗ್ಗೆಯೋ ಬೇಂದ್ರೆಯವರ ಬಗ್ಗೆಯೋ ಮಾತಾಡಿದ್ದರೆ ನಿಮಗೂ ಹಗುರ, ನನಗೂ ಹಗುರ. ಆದರೆ ನಾನು ಮಾತಾಡಬೇಕೆಂದಿರುವುದು ನಿಮ್ಮ ಮನೆಯ ಟ್ರಂಕಿನ ಬಗ್ಗೆ, ಪಡಸಾಲೆಯ ಗೋಡೆಗೆ ಮುಂದಕ್ಕೆ ಬಾಗಿಸಿ ತೂಗುಹಾಕಿದ ಫೋಟೋಗಳ ಬಗ್ಗೆ, ನಾಗೊಂದಿಗೆಯ ಮೇಲೆ ಧೂಳು ತಿನ್ನುತ್ತಿರುವ ಲೆಕ್ಕದ ವಹಿಗಳ ಬಗ್ಗೆ. ಕಳೆದ ನೂರಾರು ವರ್ಷ ಈ ಕರಿಮಣ್ಣಿನ ಬಯಲಲ್ಲಿ ಜನ ಹೇಗೆ ಬದುಕಿದರು ಎಂಬುದಕ್ಕೆ ಮುಖ್ಯ ಆಧಾರ ಅಲ್ಲಿದೆ. ಸರಕಾರದ ಕಡತದಲ್ಲಿ ಅದು ಸಿಗುವುದಿಲ್ಲ. ಇವತ್ತಿನ ನನ್ನ ವಾದ ಇಷ್ಟೇ.

ಗುಡಗೇರಿಗೆ ದಾಖಲೆಯ ಬಡತನ ಮೊದಲಿನಿಂದ ಇದ್ದದ್ದಲ್ಲ. ಕಲ್ಯಾಣ ಚಾಲುಕ್ಯರ ಎರಡನೆಯ ಸೋಮೇಶ್ವರ, ಭುವನೈಕಮಲ್ಲನೆಂದು ಬಿರುದಿದ್ದವನು, ಆಳುತ್ತಿದ್ದ ಕಾಲದ್ದು ಈ ಊರಿನ ಪ್ರಸಿದ್ಧ ಜೈನ ಶಾಸನ, ಕಾಲ 1076. ಶ್ರೀನಂದಿ ಪಂಡಿತ ಎಂಬ ಜೈನ ಗುರುವಿನ ವಶದಲ್ಲಿದ್ದ ಇಲ್ಲಿಯ ಹೊಲಗಳ ವಿವರ, ಅವುಗಳಲ್ಲಿ ಯಾರಿಗೆ ಏನು ಹೋಯಿತೆಂಬ ವಿವರ ಈ ಶಾಸನದಲ್ಲಿದೆ. ಪಡೆದವರಲ್ಲಿ ಅಷ್ಟೋಪವಾಸಿ ಕಂತಿ ಎಂಬ ಸಂನ್ಯಾಸಿನಿಯೂ ಒಬ್ಬಳು. ಇನ್ನೊಂದು ಸಂಗತಿ ಇದಕ್ಕಿಂತ ಸೊಗಸಾದದ್ದು. ಪುಲಿಗೆರೆಯಲ್ಲಿ, ಅಂದರೆ ನಮ್ಮ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದವಳು ಬಾದಾಮಿ ಚಾಲುಕ್ಯ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಎಂದು ಆ ಶಾಸನ ನೆನೆಯುತ್ತದೆ. ವಿಜಯಾದಿತ್ಯ ಆಳಿದ್ದು ಎಂಟನೆಯ ಶತಮಾನದ ಮೊದಲ ಭಾಗದಲ್ಲಿ. ಮುನ್ನೂರೈವತ್ತು ವರ್ಷ ಹಿಂದಿನ ಒಬ್ಬ ಹೆಣ್ಣುಮಗಳ ಹೆಸರು, ಅವಳು ಮಾಡಿದ ಕೆಲಸ, ಆ ಹೊತ್ತಿನ ಗುಡಗೇರಿಗೆ ಗೊತ್ತಿತ್ತು. ಜೆ. ಎಫ್. ಫ್ಲೀಟ್ ಈ ಶಾಸನವನ್ನು 1889ರಲ್ಲಿ ಅಚ್ಚು ಹಾಕಿಸಿದ. ಅವನಿಂದಾಗಿ ಇವತ್ತು ಜಗತ್ತಿನ ಯಾವ ಮೂಲೆಯ ವಿದ್ವಾಂಸನಾದರೂ ಆ ಸಂನ್ಯಾಸಿನಿಯ ಹೆಸರು ಹೇಳಬಲ್ಲ. ನಮ್ಮ ಮುತ್ತಜ್ಜಿಯ ಹೆಸರು ಹೇಳಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ ಇದ್ದೀರೋ ನೀವೇ ನೋಡಿಕೊಳ್ಳಿ.

ಕ್ಯಾಮೆರಾ ನಮ್ಮ ಸೀಮೆಗೆ ಬೇಗನೇ ಬಂತು. 1850ರ ದಶಕದಲ್ಲೇ ಕರ್ನಲ್ ಬಿಗ್ಸ್ ಮತ್ತು ಡಾಕ್ಟರ್ ಪಿಗೂ ಎಂಬಿಬ್ಬರು ಮುಂಬಯಿ ಸರಕಾರದ ಪರವಾಗಿ ಧಾರವಾಡ ಜಿಲ್ಲೆ ತಿರುಗಿ ಗುಡಿಗಳ, ಶಾಸನಗಳ ಚಿತ್ರ ತೆಗೆದರು. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಪಿಗೂನ ಕ್ಯಾಮೆರಾಕ್ಕೆ ಸಿಕ್ಕಿತು. 1866ರಲ್ಲಿ ಲಂಡನ್ನಿನಲ್ಲಿ ಈ ಚಿತ್ರಗಳನ್ನಿಟ್ಟುಕೊಂಡು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೊಂದು ದೊಡ್ಡ ಗ್ರಂಥ ಬಂತು. ಅದಕ್ಕೆ ಬರೆದವರು ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್. ಆಮೇಲೆ ಹೆನ್ರಿ ಕೌಸೆನ್ಸ್ ಬಂದ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲಿನ ಅವನ ಪುಸ್ತಕ 1926ರಲ್ಲಿ ಹೊರಬಂತು. ಈ ಚಿತ್ರಗಳ ಬೆಲೆ ದೊಡ್ಡದು. ಆಮೇಲೆ ಬಿದ್ದುಹೋದ ಗೋಡೆ, ಕಳುವಾದ ಮೂರ್ತಿ ಅವುಗಳಲ್ಲಿ ಉಳಿದಿವೆ. ಆದರೆ ಇಂಥ ಚಿತ್ರಗಳಲ್ಲಿ ಮನುಷ್ಯ ಕಾಣಿಸುವುದು ಕಂಬದ ಎತ್ತರ ತಿಳಿಯಲಿ ಎಂದು ಪಕ್ಕಕ್ಕೆ ನಿಲ್ಲಿಸಿದ ಅಳತೆಗೋಲಾಗಿ. ಆ ಮನುಷ್ಯನ ಹೆಸರು ಯಾರೂ ಕೇಳಲಿಲ್ಲ. ಕೇಳಬೇಕೆಂಬ ಗರಜೂ ಅವರಿಗಿರಲಿಲ್ಲ.

ಬಾಸೆಲ್ ಮಿಷನ್ನಿನವರದು ಬೇರೆ ಕತೆ. ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ ಬಂದ ಆ ಪಾದ್ರಿಗಳು ಮುಂದೆ ಕ್ಯಾಮೆರಾ ಹಿಡಿದಾಗ ಜನರನ್ನೂ ನೋಡಿದರು: ಶಾಲೆಯ ಹುಡುಗಿಯರು, ನೇಕಾರರು, ಸಂತೆ, ಕುಟುಂಬಗಳು. ಅವರ ಸಂಗ್ರಹವೆಲ್ಲ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದೆ, ಬಹುಪಾಲು ಚಿತ್ರಗಳನ್ನು ಗಣಕಕ್ಕೇರಿಸಿ ಯಾರು ಬೇಕಾದರೂ ನೋಡುವಂತೆ ಮಾಡಿದ್ದಾರೆ. ನೋಡಬೇಕು, ಕಲಿಯಬೇಕು. ಆದರೆ ಪಾದ್ರಿಯ ಕ್ಯಾಮೆರಾ ಮಿಷನ್ನಿನ ಕಂಪೌಂಡಿನ ಸುತ್ತಲೇ ಹೆಚ್ಚು ಸುತ್ತಿತು. ಬಿತ್ತುವ ಕೂರಿಗೆ, ಹಗೇವಿನಿಂದ ಜೋಳ ತೆಗೆಯುವವರು, ಹತ್ತಿ ಬಿಡಿಸುವ ಹೆಂಗಸರ ಸಾಲು, ಇವು ಅಪರೂಪ.

ಇನ್ನು ಕಾಗದ. ಇಲ್ಲಿ ನಮ್ಮ ಸೀಮೆಯ ಪಾಡು ಪಕ್ಕದ ತಾಲೂಕುಗಳಿಗಿಂತಲೂ ಗೋಜಲು. ಬ್ರಿಟಿಷರ ಧಾರವಾಡ ಜಿಲ್ಲೆಯ ನಡುವೆಯೇ ಪಟವರ್ಧನ ಮನೆತನದ ಸಂಸ್ಥಾನಗಳ ತುಣುಕುಗಳು ಚದುರಿ ಬಿದ್ದಿದ್ದವು. ಕುಂದಗೋಳ ಜಮಖಂಡಿಯದು, ಶಿರಹಟ್ಟಿ ಸಾಂಗ್ಲಿಯದು, ಲಕ್ಷ್ಮೇಶ್ವರವೂ ಗುಡಗೇರಿಯೂ ಮಿರಜ ಮನೆತನದವು. ಒಂದು ಊರಿಗೂ ಅದರ ನೆರೆಯ ಊರಿಗೂ ರಾಜ ಬೇರೆ, ಕಚೇರಿ ಬೇರೆ. ದರಬಾರದ ಭಾಷೆ ಮರಾಠಿ, ಹಳೆಯ ಲೆಕ್ಕಪತ್ರ ಮೋಡಿ ಲಿಪಿಯಲ್ಲಿ. ದಕ್ಷಿಣದ ಈ ಸಂಸ್ಥಾನಗಳು 1948ರ ಮಾರ್ಚ್ 8ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮನುಷ್ಯರು ಬಂದರು, ಹೊಲ ಬಂತು, ಕಾಗದಗಳಲ್ಲಿ ಎಷ್ಟೋ ಬರಲಿಲ್ಲ. ಗುಡಗೇರಿಯ ಚರಿತ್ರೆ ಹುಡುಕುವವನು ಧಾರವಾಡದ ಪತ್ರಾಗಾರದ ಜೊತೆಗೆ ಕೃಷ್ಣೆಯ ಆಚೆಗೂ ಹೋಗಬೇಕು, ಹೋದ ಮೇಲೆ ಮೋಡಿ ಓದಲು ಬರಬೇಕು. ಅಷ್ಟು ಕಷ್ಟಪಟ್ಟು ಓದಿದರೂ ಸಿಗುವುದು ಸಾರಾವಸೂಲಿಯ ಲೆಕ್ಕ, ಇನಾಮಿನ ತಕರಾರು, ದರಬಾರದ ಹುಕುಂ.

ಇವೆಲ್ಲದರ ಮರಿಪ್ರತಿ ಒಂದು ಕಾಲಕ್ಕೆ ಊರಲ್ಲೇ ಇರುತ್ತಿತ್ತು, ಕುಲಕರ್ಣಿಯ ದಫ್ತರದಲ್ಲಿ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು. ಮುಂಬಯಿ ಸರಕಾರ 1950ರಲ್ಲಿ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡುವ ಕಾಯ್ದೆ ತಂದಿತು. ನ್ಯಾಯವಾದ ಕಾಯ್ದೆಯೇ, ವತನ ಹೋಗಬೇಕಾದದ್ದೇ. ಆದರೆ ವತನದ ಜೊತೆ ಆ ಗಂಟುಗಳಿಗಿದ್ದ ಬೆಲೆಯೂ ಹೋಯಿತು. ಅರ್ಧ ಶತಮಾನದ ಮೇಲೆ, 2000ದ ಆಚೀಚೆ, ಭೂಮಿ ಯೋಜನೆ ಬಂದು ಪಹಣಿ ಗಣಕಕ್ಕೆ ಹೋದಾಗ ಇದೇ ಮತ್ತೊಮ್ಮೆ ಆಯಿತು. ಕೈಬರಹದ ಪಹಣಿ, ಉತಾರಗಳಿಗೆ ಕಚೇರಿಯಲ್ಲಿ ಬೆಲೆಯಿಲ್ಲವೆಂದ ಮೇಲೆ ಮನೆಯಲ್ಲಿದ್ದ ಪ್ರತಿಗಳು ಒಲೆಗೆ ಹೋದವು, ರದ್ದಿಗೆ ಹೋದವು. ಹೊಲದ ಮಾಲೀಕತ್ವಕ್ಕೆ ಅವು ಬೇಕಿಲ್ಲ, ಸರಿ. ಯಾವ ವರ್ಷ ಯಾವ ಸರ್ವೆ ನಂಬರಿನಲ್ಲಿ ಏನು ಬಿತ್ತಿದ್ದರು ಎಂದು ಬೆಳೆಯ ಕಾಲಮ್ಮಿನಲ್ಲಿ ತಲಾಟಿ ಬರೆದಿದ್ದನಲ್ಲ, ಅದು ಯಾರಿಗೆ ಬೇಕು? ನನಗೆ ಬೇಕು. ಈ ನೆಲದಲ್ಲಿ ನವಣೆ, ಕುಸುಬೆ, ಅಗಸೆ ಯಾವಾಗ ಹಿಂದೆ ಸರಿದವು, ಗೋವಿನಜೋಳ ಯಾವಾಗ ಮುಂದೆ ಬಂತು ಎಂದು ಊರೂರಿನ ಲೆಕ್ಕದಲ್ಲಿ ತಿಳಿಯುವ ದಾರಿಯೇ ಅದು.

ಸರಕಾರಕ್ಕೆ ಕಾಯ್ದೆಗಳಿವೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಕೇಂದ್ರ ಸರಕಾರದ ಕಡತವನ್ನು ಕಾಯುತ್ತದೆ. ನಿಮ್ಮ ಸಂದೂಕ ಅದರ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಕಾಯುವವರು ನೀವೊಬ್ಬರೇ.

ಈಗ ಗೋಡೆಯ ಮೇಲಿನ ಫೋಟೋಗಳಿಗೆ ಬರೋಣ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಒಂದು ಬಗೆಯ ಚಿತ್ರ ಸಾಮಾನ್ಯ. ಹೊಸ ಸೊಸೆಯಂದಿರು ಅದನ್ನು ನೋಡಲು ಅಂಜುತ್ತಾರೆ. ಮಕ್ಕಳಂತೂ ಆ ಖೋಲಿಗೇ ಹೋಗುವುದಿಲ್ಲ. ತೀರಿಕೊಂಡವರನ್ನು ಲಿಂಗಾಯತ ಪದ್ಧತಿಯಂತೆ ಕೂರಿಸಿ, ವಿಭೂತಿ ಹಚ್ಚಿ, ಹೂವಿನಿಂದ ಸಿಂಗರಿಸಿ, ಸುತ್ತ ಬಂಧುಬಳಗ ನಿಂತು ತೆಗೆಸಿದ ಚಿತ್ರ. ಎಷ್ಟೋ ಹೆಣ್ಣುಮಕ್ಕಳು ಬದುಕಿದ್ದಾಗ ಕ್ಯಾಮೆರಾದ ಮುಂದೆ ಕೂತವರಲ್ಲ. ಮದುವೆಯಲ್ಲಿ ಫೋಟೋದವ ಬಂದಿರಲಿಲ್ಲ, ಹುಬ್ಬಳ್ಳಿಯ ಸ್ಟುಡಿಯೋಕ್ಕೆ ಹೋಗುವ ಮಾತೇ ಇರಲಿಲ್ಲ. ಎಪ್ಪತ್ತು ವರ್ಷ ಬಾಳಿದವಳ ಒಂದೇ ಒಂದು ಚಿತ್ರ ಆಕೆ ಸತ್ತ ದಿನದ್ದು. ಅಂಜಿಕೆಯೆಂದು, ಅಪಶಕುನವೆಂದು ಇಂಥ ಚಿತ್ರಗಳನ್ನು ಮೊದಲು ತೆಗೆದೊಗೆಯುತ್ತೇವೆ. ಸ್ವಲ್ಪ ತಾಳಿ. ಆ ಚಿತ್ರವನ್ನು ಚರಿತ್ರೆಯ ಕಣ್ಣಿಂದ ನೋಡಿ. ಮೂರು ತಲೆಮಾರು ಒಂದೇ ಕಡೆ ನಿಂತಿರುವುದು ಅದರಲ್ಲಿ ಮಾತ್ರ. ಗಂಡಸರ ರುಮಾಲು ಹೋಗಿ ಗಾಂಧಿ ಟೋಪಿ ಬಂದದ್ದು, ಹುಡುಗರು ಬರಿಮೈಯಲ್ಲಿರುವುದು, ಅಳುವ ಹೆಂಗಸರ ಸೀರೆಯ ಅಂಚು, ಹಿಂದಿನ ಗೋಡೆಯ ಮಣ್ಣಿನ ಮೆತ್ತಿಗೆ, ಬಾಗಿಲ ಚೌಕಟ್ಟಿನ ಕೆತ್ತನೆ, ಭಜನೆಯವರ ಕೈಯ ದಮ್ಮಡಿ. ಯಾರೂ ಕ್ಯಾಮೆರಾಕ್ಕಾಗಿ ಸಿದ್ಧವಾಗಿ ಬಂದವರಲ್ಲ, ಹಾಗಾಗಿ ಎಲ್ಲ ಇದ್ದದ್ದು ಇದ್ದಂತೆ. ಸಾವಿನ ಮನೆಗೆ ಯಾರು ಬಂದರು, ಯಾರು ಎಷ್ಟು ಹತ್ತಿರ ನಿಂತರು, ಯಾರು ಅಂಗಳದಾಚೆ ನಿಂತರು ಎಂಬುದರಲ್ಲಿ ಊರಿನ ಜಾತಿಯ ನಕಾಶೆಯೇ ಇದೆ.

ಇನ್ನೊಂದು ಬಗೆ, ಎತ್ತಿನ ಫೋಟೋ. ಕಾರಹುಣ್ಣಿಮೆಗೆ ಸಿಂಗರಿಸಿದ ಜೋಡಿ, ಪಕ್ಕಕ್ಕೆ ಕೋಟು ತೊಟ್ಟ ಮಾಲೀಕ, ಆಚೆ ಹಗ್ಗ ಹಿಡಿದು ನಿಂತ ಒಬ್ಬ ಆಳು. ಈ ಚಿತ್ರ ತೋರಿಸಿ ಕೇಳಿದರೆ ಮನೆಯವರು ಎತ್ತುಗಳ ಹೆಸರು ಹೇಳುತ್ತಾರೆ, ಯಾವ ಜಾತ್ರೆಯಲ್ಲಿ ಎಷ್ಟಕ್ಕೆ ತಂದದ್ದೆಂದೂ ಹೇಳುತ್ತಾರೆ. ಹಗ್ಗ ಹಿಡಿದವನ ಹೆಸರು ಕೇಳಿ, ಮಾತು ನಿಲ್ಲುತ್ತದೆ. ಅವನ ಮೊಮ್ಮಕ್ಕಳು ಇದೇ ಊರಿನ ಇನ್ನೊಂದು ಓಣಿಯಲ್ಲಿದ್ದಾರೆ, ಅಜ್ಜನ ಒಂದು ಚಿತ್ರವೂ ಅವರ ಹತ್ತಿರ ಇಲ್ಲ. ಅಜ್ಜನ ಚಿತ್ರ ಇನ್ನೊಬ್ಬರ ಪಡಸಾಲೆಯಲ್ಲಿದೆ ಎಂಬುದೂ ಅವರಿಗೆ ತಿಳಿಯದು. ಊರಿನ ಫೋಟೋಗಳನ್ನು ಕೂಡಿಹಾಕುವ ಕೆಲಸಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣಲಿಲ್ಲ. ಹೊಲ ಇದ್ದವರ ಮನೆಯ ಆಲ್ಬಮ್ಮಷ್ಟೇ ಊರಿನ ಚರಿತ್ರೆ ಆದೀತೆಂದು ನಾನು ಒಪ್ಪುವವನಲ್ಲ. ಆದರೆ ಆ ಆಲ್ಬಮ್ಮಿನ ಅಂಚಿನಲ್ಲಿ ಉಳಿದವರೂ ಇದ್ದಾರೆ. ಅವರನ್ನು ಹುಡುಕಿ ಅವರವರ ಮನೆಗೆ ಮುಟ್ಟಿಸಬೇಕು.

ಮನೆಮನೆಗೆ ಹೋಗಿ ಇಂಥ ಚಿತ್ರ ಕೂಡಿಹಾಕಿದವನೊಬ್ಬ ಬೇರೆ ಕಡೆ ಇದ್ದ. ನಮ್ಮ ಹಾಗೆ ಗಿಡಮರ ಕಡಿಮೆಯಿರುವ, ಕಣ್ಣು ಹರಿದಷ್ಟು ದೂರ ಬಯಲಿರುವ ಸೀಮೆ ಅಮೆರಿಕದ ನೆಬ್ರಾಸ್ಕ. ಅಲ್ಲಿ ಸಾಲೋಮನ್ ಬುಚರ್ ಎಂಬವನಿದ್ದ. ಬೇಸಾಯದಲ್ಲಿ ಸೋತವನು. 1886ರಲ್ಲಿ ಅವನಿಗೊಂದು ಹುಚ್ಚು ಹತ್ತಿತು: ಕಸ್ಟರ್ ಕೌಂಟಿ ಎಂಬ ತನ್ನ ಸೀಮೆಗೆ ಹೊಸದಾಗಿ ಬಂದು ನೆಲೆನಿಂತ ರೈತರ ಚರಿತ್ರೆಯನ್ನು ಫೋಟೋಗಳಲ್ಲಿ ಹಿಡಿಯಬೇಕು. ಬಂಡಿ ಕಟ್ಟಿಕೊಂಡು ಮನೆಮನೆಗೆ ಹೋದ. ಹುಲ್ಲುಬೇರಿನ ಮಣ್ಣಹೆಂಟೆಗಳಿಂದ ಕಟ್ಟಿದ ಮನೆ, ಅದರ ಮುಂದೆ ಮನೆಮಂದಿ, ಜೊತೆಗೆ ಅವರು ಅಭಿಮಾನದಿಂದ ಹೊರಗೆ ತಂದಿಟ್ಟ ವಸ್ತುಗಳು, ದನ, ಕುದುರೆ, ಹೊಲಿಗೆ ಯಂತ್ರ. ಒಂದು ಮನೆಯ ಗೃಹಿಣಿಗೆ ಮಣ್ಣಿನ ಮನೆ ತೋರಿಸಲು ನಾಚಿಕೆ. ತಮ್ಮ ಆರ್ಗನ್ ವಾದ್ಯವನ್ನು ಅಂಗಳಕ್ಕೆ ಹೊರಿಸಿ ಅದರ ಪಕ್ಕ ನಿಂತು ಚಿತ್ರ ತೆಗೆಸಿಕೊಂಡಳು. 1899ರಲ್ಲಿ ಬುಚರನ ಮನೆಗೆ ಬೆಂಕಿ ಬಿತ್ತು. ಬರೆದಿಟ್ಟದ್ದೆಲ್ಲ ಸುಟ್ಟಿತು, ಕಣಜದಲ್ಲಿಟ್ಟಿದ್ದ ಗಾಜಿನ ನೆಗೆಟಿವ್‌ಗಳು ಉಳಿದವು. ಜನರಿಂದ ಮತ್ತೆ ಕೇಳಿ ಬರೆದು 1901ರಲ್ಲಿ ಪುಸ್ತಕ ತಂದ. ಆ ಸುಮಾರು ಮೂರು ಸಾವಿರ ನೆಗೆಟಿವ್‌ಗಳು ಇವತ್ತು ಆ ರಾಜ್ಯದ ಚರಿತ್ರೆಯ ಸಂಸ್ಥೆಯಲ್ಲಿವೆ. ಅವನು ಸಾಯುವಾಗ ತಾನು ಸೋತವನೆಂದೇ ತಿಳಿದಿದ್ದನಂತೆ. ನಮ್ಮ ಪಡಸಾಲೆಯ ಚಿತ್ರಗಳಲ್ಲೂ ಆರ್ಗನ್ ಇದೆ. ನಮ್ಮಲ್ಲಿ ಅದು ಟ್ರಾನ್ಸಿಸ್ಟರ್ ರೇಡಿಯೋ, ಸೈಕಲ್ಲು, ಮುಂಗೈ ಮುಂದೆ ಚಾಚಿ ತೋರಿಸಿದ ಕೈಗಡಿಯಾರ. ಗಡಿಯಾರ ಸ್ಟುಡಿಯೋದವನದೇ ಆಗಿರುವ ಸಂಭವವೂ ಇದೆ ಅನ್ನಿ.

ಕಾಗದಗಳಲ್ಲಿ ಯಾವುದು ಮುಖ್ಯ ಎಂದು ಕೇಳುತ್ತೀರಿ. ದೊಡ್ಡವರು ಬರೆದ ಪತ್ರಗಳನ್ನು ಜನ ತಾವಾಗಿಯೇ ಜೋಪಾನ ಮಾಡುತ್ತಾರೆ, ಅದರ ಚಿಂತೆ ನನಗಿಲ್ಲ. ನನ್ನ ಚಿಂತೆ ಚಿಲ್ಲರೆ ಕಾಗದಗಳದ್ದು. ಹುಬ್ಬಳ್ಳಿಯ ಅಡತಿ ಅಂಗಡಿಯವರು ಕೊಟ್ಟ ಹತ್ತಿಯ ಪಟ್ಟಿ, ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಪಟ್ಟಿ. ಆಳಿನ ಲೆಕ್ಕ ಬರೆದ ನೋಟುಬುಕ್ಕು: ಇಂಥವಳಿಗೆ ಇಷ್ಟು ಸೇರು ಜೋಳ, ಇಂಥವನಿಗೆ ವರ್ಷಕ್ಕೆ ಇಷ್ಟು, ಒಂದು ಕಂಬಳಿ, ಒಂದು ಜೋಡು ಕೆರವು. ಸೊಸೈಟಿಯ ಸಾಲದ ಪಾಸುಬುಕ್ಕು. ಲಾವಣಿ ಪತ್ರ. ಮದುವೆಯಲ್ಲಿ ಬಂದ ಆಯೇರಿಯ ಯಾದಿ. ಒಂದು ಮನೆತನಕ್ಕೆ ಯಾವ ಊರುಗಳ ಜೊತೆ ನೆಂಟಸ್ತನವಿತ್ತು ಎಂಬುದು ಅದರಷ್ಟು ಚೊಕ್ಕವಾಗಿ ಇನ್ನೆಲ್ಲೂ ಇಲ್ಲ. ಮಿಲಿಟರಿಗೆ ಹೋದ ಮಗ ಕಳಿಸಿದ ಮನಿಯಾರ್ಡರಿನ ಕೂಪನ್ನು, ಅದರ ಮೇಲಿನ ಎರಡು ಸಾಲು. ನಾಟಕದ ಹ್ಯಾಂಡ್‌ಬಿಲ್ಲು: ಈ ಊರಿನ ಹೆಸರನ್ನು ನಾಡಿಗೆಲ್ಲ ಸಾರಿದ ಗುಡಗೇರಿ ಬಸವರಾಜರಂಥ ವೃತ್ತಿರಂಗಭೂಮಿಯವರ ಬದುಕು ಬಣ್ಣಬಣ್ಣದ ಆ ತೆಳು ಕಾಗದದಲ್ಲೇ ಇದೆ. ಆ ಕಾಗದ ಒಂದು ಮಳೆಗಾಲ ತಾಳುವುದಿಲ್ಲ.

ಕುಂದಗೋಳದ ನಾಡಿಗೇರ ವಾಡೆ ನಿಮಗೆಲ್ಲ ಗೊತ್ತು. ಗಾಯಕ ಸವಾಯಿ ಗಂಧರ್ವರು, ಅವರ ಹತ್ತಿರ ಕಲಿತ ಭೀಮಸೇನ ಜೋಶಿ, ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದ ಗಂಗೂಬಾಯಿ ಹಾನಗಲ್ಲರು, ಇವರ ಚಿತ್ರಗಳು ಉಳಿದಿವೆ, ಕತೆಗಳೂ ಉಳಿದಿವೆ. ಸಂಗೀತ ಅವರನ್ನು ಉಳಿಸಿತು. ಅದೇ ರೈಲಿನಲ್ಲಿ ಸಂಶಿಯಿಂದ, ಗುಡಗೇರಿಯಿಂದ ಹಾಲಿನ ಕ್ಯಾನು, ಕಾಯಿಪಲ್ಲೆಯ ಬುಟ್ಟಿ ಹೊತ್ತು ಹೋಗುತ್ತಿದ್ದವರನ್ನು ಉಳಿಸಲು ಸಂಗೀತ ಇರಲಿಲ್ಲ.

ತೀರ ಈಚಿನದನ್ನೂ ನಾವು ಕಳೆದುಕೊಳ್ಳುತ್ತಿದ್ದೇವೆ. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಮಲಪ್ರಭಾ ಕಾಲುವೆಯ ರೈತರು ಸರಕಾರದ ಕರದ ವಿರುದ್ಧ ಎದ್ದರು. ಗೋಲಿಬಾರ್ ಆಯಿತು, ರೈತರು ಸತ್ತರು. ಕರ್ನಾಟಕದ ಈಚಿನ ರೈತ ಚಳವಳಿ ಬಲ ಪಡೆದದ್ದು ಅಲ್ಲಿಂದ. ಇವತ್ತಿಗೂ ಪ್ರತಿ ವರ್ಷ ಆ ದಿನ ನವಲಗುಂದದ ವೀರಗಲ್ಲಿಗೆ ಮಾಲೆ ಬೀಳುತ್ತದೆ, ಭಾಷಣ ಆಗುತ್ತದೆ. ಆಗಿನ ಕರಪತ್ರ, ಕರದ ನೋಟೀಸು, ಜೇಲಿನಿಂದ ಬರೆದ ಪತ್ರ, ಮೆರವಣಿಗೆಯ ಫೋಟೋ, ಇವು ಆಗ ಇಪ್ಪತ್ತು ವರ್ಷದವರಾಗಿದ್ದವರ ಮನೆಯಲ್ಲಿವೆ. ಆ ಇಪ್ಪತ್ತು ವರ್ಷದವರಿಗೆ ಈಗ ಅರವತ್ತು ದಾಟಿದೆ. ಚಿತ್ರದಲ್ಲಿರುವವರನ್ನು ಗುರುತಿಸುವವರು ಇರುವಾಗಲೇ ಕೇಳಬೇಕು. ಸುಮಾರು ಇನ್ನೂರು ವರ್ಷಗಳ ಹಿಂದೆ ಮೆಕೆಂಜಿ ಎಂಬ ಬ್ರಿಟಿಷ್ ಸೈನ್ಯಾಧಿಕಾರಿಯ ಜನ ಊರೂರು ತಿರುಗಿ ಆಯಾ ಊರಿನ ಚರಿತ್ರೆಯನ್ನು ಕೇಳಿ ಬರೆಸಿಕೊಂಡರು. ಅದರಿಂದಲೇ ಕೈಫಿಯತ್ತುಗಳು ಹುಟ್ಟಿದವು, ಎಂ. ಎಂ. ಕಲಬುರ್ಗಿಯವರು ಅವನ್ನು ಸಂಪಾದಿಸಿ ನಮ್ಮ ಕೈಗಿಟ್ಟರು. ಪರದೇಶದ ಸೈನ್ಯಾಧಿಕಾರಿಗೆ ಇದ್ದ ಕುತೂಹಲ ನಮ್ಮ ಹೈಸ್ಕೂಲಿನ ಮಕ್ಕಳಿಗೆ ಇರಬಾರದೇನು?

ಕಾಗದ ಹೊರಗೆ ತೆಗೆಯಲು ಜನ ಅಂಜುತ್ತಾರೆ. ಅದು ಖರೇ. ಕಾಗದ ತೋರಿಸಿದರೆ ಹೊಲ ಹೋದೀತು, ಭಾವಕಿಯವರು ದಾವೆ ಹೂಡಿಯಾರು, ದತ್ತಕದ ಮಾತು ಹೊರಬಿದ್ದೀತು ಎಂಬ ಅಂಜಿಕೆಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಸಂಶೋಧಕರೆಂದು ಬಂದು ಆಲ್ಬಮ್ ಒಯ್ದವರು ತಿರುಗಿ ಬಾರದ ಕತೆಗಳೂ ಇವೆ. ಆದ್ದರಿಂದ ನಾನು ಹೇಳುವ ಪದ್ಧತಿ ಇದು: ಮೂಲ ಕಾಗದ ಮನೆಯ ಹೊಸ್ತಿಲು ದಾಟಬಾರದು. ಸ್ಕ್ಯಾನರನ್ನೇ ಮನೆಗೆ ಒಯ್ಯಬೇಕು, ಮನೆಯವರೆದುರೇ ಪ್ರತಿ ತೆಗೆಯಬೇಕು. ಯಾವುದನ್ನು ಈಗ ತೋರಿಸಬಹುದು, ಯಾವುದನ್ನು ಇಪ್ಪತ್ತೈದು ವರ್ಷ ಮುಚ್ಚಿಡಬೇಕು ಎಂಬುದನ್ನು ಮನೆಯವರೇ ಹೇಳಬೇಕು, ಬರೆದು ಕೊಡಬೇಕು. ತಮಿಳುನಾಡಿನಲ್ಲಿ ಹಳೆಯ ಫೋಟೋ ಸ್ಟುಡಿಯೋಗಳ ನೆಗೆಟಿವ್‌ಗಳನ್ನು ಬ್ರಿಟಿಷ್ ಲೈಬ್ರರಿಯ ನೆರವಿನಿಂದ ಹೀಗೇ ಪ್ರತಿಮಾಡಿದ್ದಾರೆ. ಹುಬ್ಬಳ್ಳಿ, ಗದಗ, ಲಕ್ಷ್ಮೇಶ್ವರದ ಹಳೆಯ ಸ್ಟುಡಿಯೋಗಳಲ್ಲಿ ಎಷ್ಟು ಡಬ್ಬಿ ನೆಗೆಟಿವ್ ಇನ್ನೂ ಉಳಿದಿವೆಯೋ ಯಾರಾದರೂ ಹೋಗಿ ನೋಡಬೇಕು, ಬೇಗ ನೋಡಬೇಕು.

ಜೋಪಾನದ ಮಾತು ಎರಡೇ ನಿಮಿಷ. ಹಳೆಯ ಚಿತ್ರಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ. ಒಮ್ಮೆ ಮಾಡಿಸಿದರೆ ಬಿಡಿಸಲು ಬಾರದು. ಹರಿದ ಕಾಗದಕ್ಕೆ ಸೆಲ್ಲೋ ಟೇಪ್ ಬೇಡ, ಕೆಲವು ವರ್ಷಕ್ಕೆ ಟೇಪು ಬಿಚ್ಚಿ ಹೋಗುತ್ತದೆ, ಅಂಟಿನ ಕಂದು ಕಲೆ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆಯ ಅಂಟು ಆಲ್ಬಮ್ಮುಗಳು ಚಿತ್ರಗಳ ವೈರಿಗಳು. ಎಪ್ಪತ್ತು, ಎಂಬತ್ತರ ದಶಕದ ಬಣ್ಣದ ಚಿತ್ರಗಳು ಆಗಲೇ ಕೆಂಪಾಗುತ್ತಿವೆ. ಅವುಗಳ ಅಜ್ಜನಂತಿರುವ ಕಪ್ಪುಬಿಳುಪು ಚಿತ್ರಗಳು ಇನ್ನೂ ಗಟ್ಟಿಯಾಗಿವೆ, ಹಾಗಾಗಿ ಪ್ರತಿ ತೆಗೆಯುವಾಗ ಬಣ್ಣದವನ್ನು ಮೊದಲು ತೆಗೆಯಿರಿ. ಹೊರಗೋಡೆಗೆ ತೂಗುಹಾಕಿದ ಚಿತ್ರಕ್ಕೆ ಮಳೆಗಾಲದ ತಂಪು ಹಿಂದಿನಿಂದ ಏರುತ್ತದೆ, ಒಳಗೋಡೆಗೆ ಸರಿಸಿ. ವಾಟ್ಸಾಪಿನಲ್ಲಿ ಕಳಿಸಿದ ಪ್ರತಿಯನ್ನು ಪ್ರತಿ ಎಂದು ಲೆಕ್ಕಕ್ಕೆ ಹಿಡಿಯಬೇಡಿ, ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಗಣಕದಲ್ಲಿಟ್ಟದ್ದಕ್ಕೆ ಎರಡು ಕಡೆ ಪ್ರತಿ ಇರಲಿ, ಒಂದು ಈ ಊರಲ್ಲಿ, ಒಂದು ಹೊರಗೆ.

ಮಣ್ಣಿನ ಮೇಲ್ಮುದ್ದೆಯ ಮನೆಗಳು ಪ್ರತಿ ಮಳೆಗಾಲ ಒಂದೊಂದಾಗಿ ಬೀಳುತ್ತಿವೆ. ಬೆಣ್ಣೆಹಳ್ಳ ಉಕ್ಕಿದ ವರ್ಷವಂತೂ ಹೇಳುವುದೇ ಬೇಡ. ಬಿದ್ದ ಮನೆಗೆ ಪರಿಹಾರ ಬರುತ್ತದೆ, ಆರ್‌ಸಿಸಿ ಮನೆ ಏಳುತ್ತದೆ, ಅದರಲ್ಲಿ ನಾಗೊಂದಿಗೆ ಇಲ್ಲ, ಮಾಡ ಇಲ್ಲ, ಹಳೆಯ ಟ್ರಂಕಿಗೆ ಜಾಗ ಇಲ್ಲ. ಕಾಗದಕ್ಕೆ ಗೆದ್ದಲು ಮಾಡಿದ ನಷ್ಟಕ್ಕಿಂತ ಮನೆ ಬದಲಿಸಿದ್ದರ ನಷ್ಟ ಹೆಚ್ಚು. ಅದಕ್ಕೇ ಈ ದತ್ತಿಯನ್ನು ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ವರ್ಷದ ಉಪನ್ಯಾಸಕ್ಕೆ ನನ್ನಂಥ ಹೊರಗಿನವನನ್ನು ಕರೆಯಬೇಡಿ. ಶಾಲು, ಹಾರ, ಊಟದ ಖರ್ಚು ಉಳಿಯುತ್ತದೆ. ಆ ಹಣದಲ್ಲಿ ಒಂದು ಸ್ಕ್ಯಾನರ್ ಕೊಳ್ಳಿ, ಗ್ರಂಥಾಲಯದಲ್ಲಾಗಲಿ ಶಾಲೆಯಲ್ಲಾಗಲಿ ಕೀಲಿ ಹಾಕುವ ಒಂದು ಕಪಾಟು ಇಡಿ, ಎಲ್ಲ ಓಣಿಗಳ ಹೈಸ್ಕೂಲು ಮಕ್ಕಳನ್ನು ಸೇರಿಸಿ ಒಂದು ತಂಡ ಕಟ್ಟಿ. ಮುಂದಿನ ಉಪನ್ಯಾಸವನ್ನು ಆ ಮಕ್ಕಳೇ ಮಾಡಲಿ.

ನಿಮ್ಮೆಲ್ಲರಲ್ಲಿ ಬೇಡಿಕೆ ಇನ್ನೂ ಸಣ್ಣದು. ಮಹಾನವಮಿಗೆ ಮನೆ ಸಾರಿಸಿ ಸುಣ್ಣ ಹಚ್ಚುವಾಗ ಗೋಡೆಯ ಫೋಟೋಗಳನ್ನು ಹೇಗೂ ಇಳಿಸುತ್ತೀರಿ. ತಿರುಗಿ ಹಾಕುವ ಮೊದಲು ಮನೆಯ ಅತಿ ಹಿರಿಯರನ್ನು ಪಕ್ಕಕ್ಕೆ ಕೂರಿಸಿಕೊಂಡು, ಚಿತ್ರದಲ್ಲಿರುವವರ ಹೆಸರನ್ನು ಎಡದಿಂದ ಬಲಕ್ಕೆ ಒಂದು ಹಾಳೆಯಲ್ಲಿ ಬರೆಯಿರಿ. ಚಿತ್ರದ ಹಿಂಬದಿಗೆ ಬರೆಯುವುದಾದರೆ ಮೆತ್ತನೆಯ ಪೆನ್ಸಿಲಿನಿಂದ, ಬಾಲ್‌ಪೆನ್ನಿನಿಂದ ಬೇಡ. ಹೆಂಗಸರ ಹೆಸರನ್ನು ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆದು ಮುಗಿಸಬೇಡಿ, ಅವರ ಹೆಸರನ್ನೇ ಬರೆಯಿರಿ, ತವರೂರನ್ನೂ ಬರೆಯಿರಿ. ಎತ್ತಿನ ಹಗ್ಗ ಹಿಡಿದವನ ಹೆಸರು ತಿಳಿಯದಿದ್ದರೆ ಅವನ ಓಣಿಗೆ ಹೋಗಿ ಕೇಳಿ ಬನ್ನಿ.